ರೆಕ್ಕೆ ಮುರಿದರೂ ನಿಲ್ಲದ ಕಂಪನಿ: ಯುದ್ಧಕಾಲದ ಚೀನಾದಲ್ಲಿ ವಿಮಾನ ಓಡಿಸಿದವರ ಕಥೆ

ಒಂದು ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಬಿಡಿಭಾಗ ಹಾಕಿ ಓಡಿಸುವ ಮೆಕ್ಯಾನಿಕ್‌ಗಳು ಪ್ರತಿ ತಾಲ್ಲೂಕಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ವಿಮಾನಕ್ಕೆ ಹಾಗೆ ಮಾಡಿದವರೂ ಇದ್ದರು ಅಂದರೆ ನಂಬುತ್ತೀರಾ?

1941ರ ಮೇ ತಿಂಗಳು. ಚೀನಾದ ಸಿಚುವಾನ್ ಪ್ರಾಂತ್ಯದ ಸುಯಿಫು ಎಂಬ ಊರು. ಈಗ ಆ ಊರಿಗೆ ಯಿಬಿನ್ ಎನ್ನುತ್ತಾರೆ. ಅಲ್ಲಿನ ಚಿಕ್ಕ ವಿಮಾನ ನಿಲ್ದಾಣದಲ್ಲಿ ಇಳಿದಿದ್ದ ಡಿಸಿ-3 ಪ್ರಯಾಣಿಕ ವಿಮಾನದ ಮೇಲೆ ಜಪಾನಿ ವಿಮಾನಗಳು ಬಾಂಬ್ ಹಾಕಿದವು. ಜನ ಮೊದಲೇ ಇಳಿದು ಓಡಿದ್ದರಿಂದ ಜೀವ ಉಳಿಯಿತು. ಆದರೆ ವಿಮಾನದ ಬಲ ರೆಕ್ಕೆ ಚೂರುಚೂರಾಯಿತು. ಹೊಸ ರೆಕ್ಕೆ ತರಬೇಕೆಂದರೆ ಕಂಪನಿಯ ವರ್ಕ್‌ಶಾಪ್ ಇದ್ದದ್ದು ಹಾಂಗ್‌ಕಾಂಗ್‌ನಲ್ಲಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಜಪಾನಿ ಸೈನ್ಯ. ಮೇಲಾಗಿ ವರ್ಕ್‌ಶಾಪ್‌ನಲ್ಲಿ ಡಿಸಿ-3ರ ರೆಕ್ಕೆಯೇ ಇರಲಿಲ್ಲ. ಇದ್ದದ್ದು ಅದಕ್ಕಿಂತ ಹಳೆಯ, ಚಿಕ್ಕ ಮಾದರಿಯಾದ ಡಿಸಿ-2ರ ಒಂದು ರೆಕ್ಕೆ. ಅದು ಸುಮಾರು ಐದು ಅಡಿ ಗಿಡ್ಡ.

ಮೆಕ್ಯಾನಿಕ್‌ಗಳು ಲೆಕ್ಕ ಹಾಕಿದರು. ರೆಕ್ಕೆ ಮೈಗೆ ಕೂರುವ ಜಾಗ ಎರಡೂ ಮಾದರಿಯಲ್ಲಿ ಹೆಚ್ಚುಕಡಿಮೆ ಒಂದೇ. ಸರಿ, ಆ ಗಿಡ್ಡ ರೆಕ್ಕೆಯನ್ನು ಇನ್ನೊಂದು ವಿಮಾನದ ಹೊಟ್ಟೆಯ ಕೆಳಗೆ ಕಟ್ಟಿದರು. ಹೆರಾಲ್ಡ್ ಸ್ವೀಟ್ ಎಂಬ ಪೈಲಟ್ ಅದನ್ನು ಹೊತ್ತು ಸುಯಿಫುವಿಗೆ ಹಾರಿದ. ಅಲ್ಲಿ ಜೋಡಣೆಯಾಯಿತು. ಎಡಕ್ಕೆ ಉದ್ದ ರೆಕ್ಕೆ, ಬಲಕ್ಕೆ ಗಿಡ್ಡ ರೆಕ್ಕೆ. ಹಾಗೇ ಅದು ಹಾಂಗ್‌ಕಾಂಗ್‌ಗೆ ವಾಪಸ್ ಹಾರಿತು. ವಿಮಾನ ಪ್ರಪಂಚದವರು ಅದಕ್ಕೆ ಇಟ್ಟ ಹೆಸರು "ಡಿಸಿ ಎರಡೂವರೆ".

ಕೇಳಲು ತಮಾಷೆಯಾಗಿದೆ. ಆದರೆ ಅವರು ಹೀಗೆ ಮಾಡಿದ್ದು ಸಾಹಸ ತೋರಿಸಲಿಕ್ಕಲ್ಲ. ಆ ಹೊತ್ತಿಗೆ ಅವರ ಬಳಿ ವಿಮಾನಗಳೇ ಬೆರಳೆಣಿಕೆಯಷ್ಟಿದ್ದವು. ಒಂದೊಂದು ವಿಮಾನವೂ ಒಂದು ದೇಶಕ್ಕೆ ರಸ್ತೆ ಇದ್ದ ಹಾಗಿತ್ತು. ಆ ರಸ್ತೆ ಹೇಗೆ ಶುರುವಾಯಿತು, ಯಾರು ಅದನ್ನು ಮುಚ್ಚದಂತೆ ಹಿಡಿದುಕೊಂಡರು, ಏನು ಬೆಲೆ ಕೊಟ್ಟರು ಅನ್ನುವುದೇ ಈ ಬರಹ.

ನದಿಯೇ ರನ್‌ವೇ

1920ರ ದಶಕದ ಚೀನಾದಲ್ಲಿ ಒಳನಾಡಿಗೆ ಹೋಗುವುದು ಅಂದರೆ ಯಾಂಗ್‌ಟ್ಸೆ ನದಿಯೇ ಗತಿ. ಸಮುದ್ರದ ದಡದ ಶಾಂಘೈನಿಂದ ಹ್ಯಾಂಕೌ ತನಕ ಸ್ಟೀಮರ್‌ಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಂದ ಮೇಲೆ ಚೊಂಗ್‌ಚಿಂಗ್ ಕಡೆಗೆ ಹೋಗುವಾಗ ನದಿ ಕಡಿದಾದ ಕಮರಿಗಳ ನಡುವೆ ನುಗ್ಗಿ ಬರುತ್ತದೆ. ಅಲ್ಲಿ ನಾಡದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯುವುದೇ ನೂರಾರು ಜನರ ಕಸುಬಾಗಿತ್ತು. ರೈಲು ಆ ಕಡೆ ಇರಲೇ ಇಲ್ಲ.

ಇಂಥ ದೇಶದಲ್ಲಿ ವಿಮಾನದಿಂದ ದುಡ್ಡು ಮಾಡಬಹುದು ಅಂತ ಲೆಕ್ಕ ಹಾಕಿದ್ದು ಅಮೆರಿಕದ ಉದ್ಯಮಿಗಳು. 1929ರ ಏಪ್ರಿಲ್‌ನಲ್ಲಿ ಚೀನಾ ಸರ್ಕಾರದ ರೈಲ್ವೆ ಮಂತ್ರಿ ಸುನ್ ಫೋ ಜೊತೆ ಒಪ್ಪಂದವಾಯಿತು. ಈ ಸುನ್ ಫೋ, ಚೀನಾ ಗಣರಾಜ್ಯದ ಸ್ಥಾಪಕ ಸುನ್ ಯಾತ್ ಸೆನ್ ಅವರ ಮಗ. ಅದೇ ವರ್ಷ ಅಕ್ಟೋಬರ್ 21ರಂದು ಶಾಂಘೈನಿಂದ ಹ್ಯಾಂಕೌಗೆ ಮೊದಲ ಸೇವೆ ಹೊರಟಿತು. ವಿಮಾನ ನಿಲ್ದಾಣ ಕಟ್ಟುವ ಗೋಜಿಗೇ ಅವರು ಹೋಗಲಿಲ್ಲ. ನೀರಿನ ಮೇಲೂ ಇಳಿಯಬಲ್ಲ ಲೋನಿಂಗ್ ಎಂಬ ಚಿಕ್ಕ ವಿಮಾನಗಳನ್ನು ತಂದು, ನದಿಯನ್ನೇ ರನ್‌ವೇ ಮಾಡಿಕೊಂಡರು.

ಹಾರಾಟ ಶುರುವಾಗುವ ಮೊದಲೇ ಜಗಳ ಶುರುವಾಗಿತ್ತು. ಅಂಚೆ, ಸಾರಿಗೆ ನನ್ನ ಇಲಾಖೆಯದ್ದು, ರೈಲ್ವೆ ಮಂತ್ರಿ ಸಹಿ ಹಾಕಲಿಕ್ಕೆ ಯಾರು ಅಂತ ಸಂಪರ್ಕ ಇಲಾಖೆಯ ಮಂತ್ರಿ ತಿರುಗಿಬಿದ್ದರು. ಅವರ ಇಲಾಖೆಯೇ ಬೇರೆ ವಿಮಾನ ಸೇವೆ ನಡೆಸುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಇಲಾಖೆ ಕಿತ್ತಾಡುವುದು ನಮಗೇನೂ ಹೊಸದಲ್ಲ. ಕೊನೆಗೆ 1930ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಂಪನಿ ಮಾಡಿದರು. ಅದರ ಹೆಸರು ಚೈನಾ ನ್ಯಾಷನಲ್ ಏವಿಯೇಷನ್ ಕಾರ್ಪೊರೇಷನ್, ಚಿಕ್ಕದಾಗಿ ಸಿಎನ್‌ಎಸಿ. ಚೀನಾ ಸರ್ಕಾರದ ಪಾಲು ನೂರಕ್ಕೆ 55, ಅಮೆರಿಕನ್ನರದ್ದು 45. 1933ರಲ್ಲಿ ಆ 45ರ ಪಾಲನ್ನು ಪ್ಯಾನ್ ಅಮೆರಿಕನ್ ಎಂಬ ದೊಡ್ಡ ವಿಮಾನ ಕಂಪನಿ ಕೊಂಡಿತು. ಜರ್ಮನಿಯ ಲುಫ್ತಾನ್ಸಾ ಜೊತೆ ಸೇರಿ ಚೀನಾ ಸರ್ಕಾರ 1931ರಲ್ಲಿ ಯುರೇಷಿಯಾ ಎಂಬ ಇನ್ನೊಂದು ಕಂಪನಿಯನ್ನೂ ನಡೆಸಿತು.

ಸಿಎನ್‌ಎಸಿಯ ದಿನದಿನದ ಕೆಲಸ ನಡೆಸಿದ ಮುಖ್ಯ ವ್ಯಕ್ತಿ ವಿಲಿಯಂ ಲ್ಯಾಂಗ್‌ಹಾರ್ನ್ ಬಾಂಡ್ ಎಂಬ ಅಮೆರಿಕನ್. 1931ರಲ್ಲಿ ಬಂದವನು. ಅವನು ಬಂದ ವರ್ಷವೇ ಸೇವೆ ಚೊಂಗ್‌ಚಿಂಗ್ ತಲುಪಿತು, 1933ರಲ್ಲಿ ಚೆಂಗ್ಡು. 1937ರಲ್ಲಿ ಪ್ಯಾನ್ ಅಮೆರಿಕನ್‌ನ ಸಮುದ್ರ ವಿಮಾನಗಳು ಪೆಸಿಫಿಕ್ ದಾಟಿ ಹಾಂಗ್‌ಕಾಂಗ್‌ಗೆ ಬರತೊಡಗಿದವು. ಚೀನಾದ ನಡುಮಧ್ಯದ ಊರಿನಲ್ಲಿ ಅಂಚೆಗೆ ಹಾಕಿದ ಕಾಗದ ಅಮೆರಿಕದ ತನಕ ಆಕಾಶದಲ್ಲೇ ಹೋಗುವಂತಾಯಿತು.

ಚೊಂಗ್‌ಚಿಂಗ್‌ನ ನಿಲ್ದಾಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಊರು ಇರುವುದು ಎತ್ತರದ ಬಂಡೆಯ ಮೇಲೆ. ವಿಮಾನ ಇಳಿಯುತ್ತಿದ್ದದ್ದು ಕೆಳಗೆ ಯಾಂಗ್‌ಟ್ಸೆ ನದಿ ನಡುವಿನ ಶಾನ್‌ಹುಬಾ ಎಂಬ ಮರಳುದಿಬ್ಬದಲ್ಲಿ. ಇಳಿದವರು ನೂರಾರು ಮೆಟ್ಟಿಲು ಹತ್ತಿ ಊರು ಸೇರಬೇಕು. ಆಗದವರನ್ನು ಕೂಲಿಯವರು ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. ಬೇಸಿಗೆಯಲ್ಲಿ ನದಿ ಉಕ್ಕಿದರೆ ನಿಲ್ದಾಣವೇ ನೀರಿನಡಿ.

ಯುದ್ಧ ಬಂತು

1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು. ಆಗಸ್ಟ್‌ನಲ್ಲಿ ಶಾಂಘೈ ರಣರಂಗವಾಯಿತು. ಇನ್ನೊಬ್ಬರ ಯುದ್ಧದಲ್ಲಿ ಸಿಕ್ಕಿಕೊಳ್ಳುವುದು ಬೇಡ ಎಂದು ಪ್ಯಾನ್ ಅಮೆರಿಕನ್ ತನ್ನ ಜನರನ್ನು ಹಿಂದಕ್ಕೆ ಕರೆಯಿತು. ಕಂಪನಿ ಮುಳುಗಿತು ಅಂತಲೇ ಎಲ್ಲರ ಎಣಿಕೆ. ಆದರೆ ಬಾಂಡ್ ಪ್ಯಾನ್ ಅಮೆರಿಕನ್ ನೌಕರಿಗೆ ರಾಜೀನಾಮೆ ಕೊಟ್ಟು ಚೀನಾಕ್ಕೆ ಮರಳಿದ. ಸಿಎನ್‌ಎಸಿಯ ವಿಮಾನಗಳನ್ನು ಮತ್ತೆ ಪ್ರಯಾಣಿಕರಿಗಾಗಿ ಹಾರಿಸಲು ಚೀನಾ ಸರ್ಕಾರವನ್ನು ಒಪ್ಪಿಸಿದ.

ಶಾಂಘೈ ಬಿತ್ತು, ನಾನ್‌ಜಿಂಗ್ ಬಿತ್ತು, 1938ರ ಅಕ್ಟೋಬರ್‌ನಲ್ಲಿ ಹ್ಯಾಂಕೌ, ಕ್ಯಾಂಟನ್ ಎರಡೂ ಬಿದ್ದವು. ಸರ್ಕಾರ ಒಳನಾಡಿನ ಚೊಂಗ್‌ಚಿಂಗ್‌ಗೆ ಹೋಗಿ ಕೂತಿತು. ಬಂದರುಗಳು ಒಂದೊಂದಾಗಿ ಜಪಾನಿನ ಕೈಗೆ ಹೋದ ಹಾಗೆ, ಬ್ರಿಟಿಷರ ಹಾಂಗ್‌ಕಾಂಗ್‌ನಿಂದ ಚೊಂಗ್‌ಚಿಂಗ್‌ಗೆ ಹಾರುವ ವಿಮಾನಗಳು ಸರ್ಕಾರದ ಉಸಿರುಕೊಳವೆಯಾದವು.

ಆಗಸ್ಟ್ 24, 1938

ಆ ದಿನ ಬೆಳಿಗ್ಗೆ ಹಾಂಗ್‌ಕಾಂಗ್‌ನಿಂದ ಸಿಎನ್‌ಎಸಿಯ ಡಿಸಿ-2 ವಿಮಾನವೊಂದು ಹೊರಟಿತು. ವಿಮಾನದ ಹೆಸರು ಕ್ವೇಲಿನ್. ಪೈಲಟ್ ಹ್ಯೂ ವುಡ್ಸ್. ಒಳಗೆ ಬ್ಯಾಂಕಿನವರು, ಹೆಂಗಸರು, ಮಕ್ಕಳು ಇದ್ದರು. ಅದು ಸೈನ್ಯದ ವಿಮಾನ ಆಗಿರಲಿಲ್ಲ.

ಹಾಂಗ್‌ಕಾಂಗ್ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಜಪಾನಿ ಯುದ್ಧ ವಿಮಾನಗಳು ಮೇಲೆರಗಿದವು. ವುಡ್ಸ್ ಮೋಡದೊಳಗೆ ನುಗ್ಗಿ ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕೊನೆಗೆ ವಿಮಾನವನ್ನು ನದಿಯ ಮೇಲೆ ಇಳಿಸಿದ. ವಿಮಾನ ಒಡೆಯದೆ ಇಳಿಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನೀರಿನಲ್ಲಿ ತೇಲುತ್ತಿದ್ದ ವಿಮಾನದ ಮೇಲೂ, ಈಜುತ್ತಿದ್ದವರ ಮೇಲೂ ಗುಂಡಿನ ಮಳೆ ಸುರಿಯಿತು. 14 ಜನ ಸತ್ತರು. ವುಡ್ಸ್, ರೇಡಿಯೊ ಆಪರೇಟರ್ ಮತ್ತು ಒಬ್ಬ ಪ್ರಯಾಣಿಕ ಬದುಕಿ ಉಳಿದರು.

ಶತ್ರು ವಿಮಾನಗಳು ಹೊಡೆದುರುಳಿಸಿದ ಜಗತ್ತಿನ ಮೊದಲ ಪ್ರಯಾಣಿಕ ವಿಮಾನ ಇದು ಎಂದು ಇತಿಹಾಸ ಗುರುತಿಸುತ್ತದೆ. ಹಿಂದೆ ಹೇಳಿದ ಸುನ್ ಫೋ ಅದರಲ್ಲಿದ್ದಾನೆ ಎಂದುಕೊಂಡು ಜಪಾನಿಯರು ದಾಳಿ ಮಾಡಿದರು ಎಂಬ ಮಾತು ಆಗಲೇ ಹಬ್ಬಿತ್ತು. ಸುನ್ ಫೋ ಬೇರೆ ವಿಮಾನದಲ್ಲಿ ಹೋಗಿದ್ದರು. ಇಂದಿಗೂ ಎಲ್ಲಾದರೂ ಪ್ರಯಾಣಿಕ ವಿಮಾನ ಕ್ಷಿಪಣಿಗೆ ಬಲಿಯಾದ ಸುದ್ದಿ ಬಂದಾಗ ನನಗೆ ಕ್ವೇಲಿನ್ ನೆನಪಾಗುತ್ತದೆ. ಆ ಪಟ್ಟಿ ಶುರುವಾಗುವುದು ಅಲ್ಲಿಂದ.

ಕಂಪನಿ ಮಾಡಿದ್ದೇನು ಗೊತ್ತೇ? ಮುಳುಗಿದ ವಿಮಾನವನ್ನು ನದಿಯಿಂದ ಎತ್ತಿಸಿ, ರಿಪೇರಿ ಮಾಡಿ, ಮತ್ತೆ ಹಾರಿಸಿತು. ಹೆಸರನ್ನು ಮಾತ್ರ ಚುಂಗ್‌ಕಿಂಗ್ ಎಂದು ಬದಲಿಸಿದರು. ಹಳೆ ಹೆಸರಿನ ವಿಮಾನ ಹತ್ತಲು ಯಾರಿಗೆ ಮನಸ್ಸು ಬರುತ್ತದೆ? ದುರದೃಷ್ಟ ಹೆಸರು ನೋಡಿ ಬರುವುದಿಲ್ಲವಲ್ಲ. 1940ರ ಅಕ್ಟೋಬರ್‌ನಲ್ಲಿ ಅದೇ ವಿಮಾನದ ಮೇಲೆ ಮತ್ತೆ ಜಪಾನಿ ದಾಳಿಯಾಯಿತು. ಪೈಲಟ್ ವಾಲ್ಟರ್ ಕೆಂಟ್ ಸೇರಿ 9 ಜನ ಸತ್ತರು. ಆ ಸಲ ವಿಮಾನವೂ ಸುಟ್ಟುಹೋಯಿತು.

ಮೋಡವೇ ಆಸರೆ

ಕ್ವೇಲಿನ್ ನಂತರ ಹಾರುವ ರೀತಿಯೇ ಬದಲಾಯಿತು. ಬೇರೆ ದೇಶಗಳಲ್ಲಿ ಮೋಡ, ಮಳೆ, ಕತ್ತಲೆ ಅಂದರೆ ಪೈಲಟ್‌ಗೆ ಚಿಂತೆ. ಇಲ್ಲಿ ತಿಳಿ ಆಕಾಶ ಕಂಡರೆ ಪೈಲಟ್‌ಗೆ ಎದೆ ನಡುಗುತ್ತಿತ್ತು. ರಾತ್ರಿ ಹೊತ್ತು, ಹವೆ ಕೆಟ್ಟಿರುವಾಗ, ಜಪಾನಿ ಸೈನ್ಯದ ತಲೆಯ ಮೇಲೆಯೇ ಹಾಂಗ್‌ಕಾಂಗ್‌ನಿಂದ ಒಳನಾಡಿಗೆ ಹಾರುತ್ತಿದ್ದರು. ಕೆಳಗೆ ದೀಪವಿಲ್ಲ, ಮುಂದೆ ಬೆಟ್ಟ. ಆಗ ದಾರಿ ಹೇಳುತ್ತಿದ್ದದ್ದು ರೇಡಿಯೊ. ಊರೂರಿನ ನಿಲ್ದಾಣದಲ್ಲಿ ಕೂತ ಚೀನಿ ಆಪರೇಟರ್ ಕೊಡುವ ಹವೆಯ ಸುದ್ದಿ, ದಿಕ್ಕಿನ ಸುದ್ದಿ ತಪ್ಪಾದರೆ ವಿಮಾನ ಬೆಟ್ಟಕ್ಕೆ ಬಡಿದಂತೆಯೇ.

ಏನನ್ನು ಸಾಗಿಸುತ್ತಿದ್ದರು? ಮಂತ್ರಿಗಳು, ಪತ್ರಕರ್ತರು, ಅಂಚೆ ಇರಲಿ. ಎಲ್ಲಕ್ಕಿಂತ ಹೆಚ್ಚು ತೂಗುತ್ತಿದ್ದದ್ದು ನೋಟಿನ ಕಟ್ಟುಗಳು. ಚೀನಾದ ನೋಟುಗಳು ವಿದೇಶದಲ್ಲಿ ಅಚ್ಚಾಗಿ ಬರುತ್ತಿದ್ದವು. ಬೆಲೆ ಏರಿದಂತೆ ಇನ್ನಷ್ಟು ನೋಟು ಬೇಕಾಗುತ್ತಿತ್ತು. ವಾಪಸ್ ಬರುವಾಗ ಟಂಗ್‌ಸ್ಟನ್ ಅದಿರು, ತವರ. ಇವನ್ನು ಮಾರಿದ ದುಡ್ಡಿನಲ್ಲೇ ಚೀನಾ ಸಾಲ ತೀರಿಸಬೇಕಿತ್ತು. ಹಂದಿಯ ಕೂದಲೂ ಹೀಗೆ ವಿಮಾನ ಹತ್ತಿದ ಸರಕು. ನಗಬೇಡಿ, ಬಣ್ಣ ಬಳಿಯುವ ಬ್ರಷ್‌ಗೆ ಆಗ ಅದೇ ಬೇಕಿತ್ತು. ಅದನ್ನು ಹೆಚ್ಚು ಮಾರುತ್ತಿದ್ದದ್ದೂ ಚೀನಾವೇ.

ಹಾಂಗ್‌ಕಾಂಗ್‌ನ ಕೊನೆಯ ರಾತ್ರಿಗಳು

1941ರ ಡಿಸೆಂಬರ್ 8ರ ಬೆಳಿಗ್ಗೆ ಜಪಾನಿ ವಿಮಾನಗಳು ಹಾಂಗ್‌ಕಾಂಗ್‌ನ ಕೈ ಟಕ್ ನಿಲ್ದಾಣದ ಮೇಲೆ ಬಂದವು. ಹೊರಗೆ ನಿಂತಿದ್ದ ಸಿಎನ್‌ಎಸಿ ವಿಮಾನಗಳು ಸುಟ್ಟವು. ನೀರಿನಲ್ಲಿದ್ದ ಪ್ಯಾನ್ ಅಮೆರಿಕನ್‌ನ ದೊಡ್ಡ ಸಮುದ್ರ ವಿಮಾನವೂ ಉರಿದುಹೋಯಿತು. ಹ್ಯಾಂಗರ್‌ನ ಒಳಗಿದ್ದ ಕೆಲವು ಮಾತ್ರ ಉಳಿದವು.

ಕತ್ತಲಾಗುತ್ತಿದ್ದಂತೆ ಕೆಲಸ ಶುರು. ಉಳಿದ ವಿಮಾನಗಳು ಜನರನ್ನು ತುಂಬಿಕೊಂಡು ಜಪಾನಿ ಸೈನ್ಯದ ಆಚೆಗಿನ ನಾನ್‌ಶಿಯಾಂಗ್ ಎಂಬ ಊರಿಗೆ ಹಾರುವುದು, ಇಳಿಸಿ ಮತ್ತೆ ಹಾಂಗ್‌ಕಾಂಗ್‌ಗೆ ಬರುವುದು. ಒಂದೇ ರಾತ್ರಿಯಲ್ಲಿ ಹಲವು ಸಲ. ಹೀಗೆ ಕೆಲವೇ ರಾತ್ರಿಗಳಲ್ಲಿ ನೂರಾರು ಜನ ಹೊರಬಂದರು. ಅವರಲ್ಲಿ ಸುನ್ ಯಾತ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಇದ್ದರು. ಕಂಪನಿಯ ಮೆಕ್ಯಾನಿಕ್‌ಗಳು, ಗುಮಾಸ್ತರು, ಅವರ ಮನೆಯವರು ಕೂಡ ಇದ್ದರು.

ಎಲ್ಲರನ್ನೂ ತರಲು ಆಗಲಿಲ್ಲ. ನಿಲ್ದಾಣ ಕೈತಪ್ಪಿತು, ಡಿಸೆಂಬರ್ 25ರಂದು ಹಾಂಗ್‌ಕಾಂಗ್ ಶರಣಾಯಿತು. ಆದರೂ ಮೆಕ್ಯಾನಿಕ್‌ಗಳನ್ನು ಉಳಿಸಿಕೊಂಡಿದ್ದರಿಂದಲೇ ಕಂಪನಿ ಉಳಿಯಿತು. ವಿಮಾನ ಹೋದರೆ ಇನ್ನೊಂದನ್ನು ಕೇಳಿ ತರಬಹುದು, ಎರಡೂವರೆ ವಿಮಾನ ಜೋಡಿಸುವ ಕೈಗಳನ್ನು ಎಲ್ಲಿಂದ ತರುವುದು?

ಭಾರತದ ಕಡೆಯಿಂದ

ಈಗ ಚೀನಾಕ್ಕೆ ಉಳಿದ ಹೊರದಾರಿ ಬರ್ಮಾ ರಸ್ತೆ ಒಂದೇ. 1942ರ ಏಪ್ರಿಲ್ ಕೊನೆಗೆ ಆ ರಸ್ತೆ ಶುರುವಾಗುವ ಲಾಶಿಯೊ ಊರನ್ನು ಜಪಾನಿಯರು ಹಿಡಿದರು. ಅಲ್ಲಿಗೆ ನೆಲದ ದಾರಿ ಮುಚ್ಚಿತು.

ಆ ಗೊಂದಲದ ದಿನಗಳಲ್ಲೇ ಚೆನ್ ವೆನ್‌ಕುವಾನ್ ಎಂಬ ಸಿಎನ್‌ಎಸಿ ಪೈಲಟ್ ಒಂದು ಡಿಸಿ-3 ತೆಗೆದುಕೊಂಡು ಚೀನಾದಿಂದ ಕಲ್ಕತ್ತಾ ಕಡೆಗೆ ಹೊರಟ. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅವನನ್ನು ಎಲ್ಲರೂ ಮೂನ್ ಚಿನ್ ಎಂದು ಕರೆಯುತ್ತಿದ್ದರು. ವಿಮಾನದಲ್ಲಿ ಜಿಮ್ಮಿ ಡೂಲಿಟಲ್ ಇದ್ದ. ಕೆಲವೇ ವಾರಗಳ ಹಿಂದೆ ಟೋಕಿಯೊ ಮೇಲೆ ಬಾಂಬ್ ಹಾಕಿ ಜಗತ್ತಿನಲ್ಲೆಲ್ಲ ಸುದ್ದಿಯಾದ ಅಮೆರಿಕನ್ ವೈಮಾನಿಕ. ದಾರಿಯಲ್ಲಿ ಬರ್ಮಾದ ಮಿಚಿನಾದಲ್ಲಿ ಇಳಿದರೆ, ಜಪಾನಿಯರಿಗೆ ಹೆದರಿ ಓಡಿಬಂದ ಜನರ ಜಾತ್ರೆ. 21 ಜನರ ವಿಮಾನಕ್ಕೆ ಮೂನ್ ಚಿನ್ ಹತ್ತಿಸಿಕೊಳ್ಳುತ್ತಲೇ ಹೋದ. ಡೂಲಿಟಲ್‌ನಂಥವನೇ ಬೆಚ್ಚಿದ. ಕಲ್ಕತ್ತಾದಲ್ಲಿ ಇಳಿದು ಎಣಿಸಿದಾಗ ಎಪ್ಪತ್ತಕ್ಕೂ ಹೆಚ್ಚು ಜನ! ಬಾಲದ ಕಡೆಯ ಸಾಮಾನಿನ ಗೂಡಿನಲ್ಲೂ ಜನ ಅವಿತಿದ್ದರು. ಕೆಲವೇ ದಿನಗಳಲ್ಲಿ ಮಿಚಿನಾ ಕೂಡ ಜಪಾನಿಯರ ವಶವಾಯಿತು. ಮೂನ್ ಚಿನ್ 110 ವರ್ಷ ಬದುಕಿ 2023ರಲ್ಲಿ ತೀರಿಕೊಂಡ.

ಮುಂದಿನ ಮೂರು ವರ್ಷ ಅಸ್ಸಾಮಿನ ದಿಂಜಾನ್‌ನಂಥ ನಿಲ್ದಾಣಗಳಿಂದ ಚೀನಾದ ಕುನ್‌ಮಿಂಗ್‌ಗೆ ಸುಮಾರು 800 ಕಿಲೋಮೀಟರ್ ದೂರದ ಆಕಾಶದ ದಾರಿಯೇ ಗತಿ. ನಡುವೆ ಹಿಮಾಲಯದ ಪೂರ್ವದ ಕೊನೆಯ ಶ್ರೇಣಿಗಳು. ಪೈಲಟ್‌ಗಳು ಅದನ್ನು "ಹಂಪ್" ಅಂದರು, ಅಂದರೆ ಒಂಟೆಯ ಡುಬ್ಬ. ಈ ದಾರಿಯನ್ನು ಯುದ್ಧ ಮುಟ್ಟುವ ಮೊದಲೇ, 1941ರ ನವೆಂಬರ್‌ನಲ್ಲಿ, ಹಾರಿ ಪರೀಕ್ಷಿಸಿದ್ದು ಸಿಎನ್‌ಎಸಿಯವರು. ಅಮೆರಿಕದ ಸೈನ್ಯ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ.

ರೆಕ್ಕೆಯ ಮೇಲೆ ಹಿಮ ಕಟ್ಟಿ ವಿಮಾನ ಕಲ್ಲಿನಂತೆ ಭಾರವಾಗುತ್ತಿತ್ತು. ಗಾಳಿ ಒಮ್ಮೆ ಸಾವಿರಾರು ಅಡಿ ಮೇಲೆತ್ತಿ, ಮರುಕ್ಷಣ ಕೆಳಗೆ ಎಸೆಯುತ್ತಿತ್ತು. ಎಲ್ಲ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಈ ದಾರಿಯಲ್ಲಿ ಸುಮಾರು 6.5 ಲಕ್ಷ ಟನ್ ಸರಕು ಹೋಯಿತು. ಸುಮಾರು 600 ವಿಮಾನಗಳು ನಾಶವಾದವು, 1,600ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹೆಚ್ಚಿನವು ಸೈನ್ಯದ ವಿಮಾನಗಳು, ಆದರೆ ಸಿಎನ್‌ಎಸಿಯದ್ದೂ ಡಜನ್‌ಗಟ್ಟಲೆ ಇದ್ದವು. ಬಿಸಿಲಿನ ದಿನ ಕೆಳಗೆ ಹೊಳೆಯುವ ಮುರಿದ ವಿಮಾನಗಳ ತಗಡನ್ನೇ ನೋಡಿಕೊಂಡು ದಾರಿ ಹಿಡಿಯಬಹುದು ಅಂತ ಪೈಲಟ್‌ಗಳು ಹೇಳುತ್ತಿದ್ದರು.

1943ರ ಏಪ್ರಿಲ್‌ನಲ್ಲಿ ಸಿಎನ್‌ಎಸಿಯ ಒಂದು ವಿಮಾನ ಹಿಮದ ಬೆಟ್ಟಕ್ಕೆ ಬಡಿಯಿತು. ಚೀನಿ ರೇಡಿಯೊ ಆಪರೇಟರ್ ಅಲ್ಲೇ ಸತ್ತ. ಪೈಲಟ್ ಜೋ ರಾಸ್‌ಬರ್ಟ್ ಮತ್ತು ಸಹಪೈಲಟ್ ರಿಡ್ಜ್ ಹ್ಯಾಮೆಲ್ ಕಾಲಿಗೆ ಪೆಟ್ಟು ತಿಂದು ಬದುಕಿದರು. ತೆವಳುತ್ತಾ, ಕುಂಟುತ್ತಾ ಇಳಿದ ಅವರಿಗೆ ಗುಡಿಸಲಿನಲ್ಲಿ ಆಸರೆ ಕೊಟ್ಟವರು, ತಮ್ಮ ಊಟದಲ್ಲಿ ಪಾಲು ಕೊಟ್ಟವರು, ಹೊರಗಿನವರಿಗೆ ಸುದ್ದಿ ಮುಟ್ಟಿಸಿದವರು ಇಂದಿನ ಅರುಣಾಚಲದ ಕಡೆಯ ಮಿಶ್ಮಿ ಬುಡಕಟ್ಟಿನ ಜನ. ವಿಮಾನ ಬಿದ್ದು ಒಂದೂವರೆ ತಿಂಗಳಾದ ಮೇಲೆ ಇಬ್ಬರೂ ನೆಲೆ ಸೇರಿದರು. ರಾಸ್‌ಬರ್ಟ್ ಆ ಕಥೆಯನ್ನು ಬರೆದು ಪ್ರಕಟಿಸಿದ. 

ಬೆಂಗಳೂರಿಗೂ ಒಂದು ದಾರ

ಈ ಕಥೆಯ ಒಂದು ದಾರ ನಮ್ಮ ಬೆಂಗಳೂರಿಗೂ ಬಂದು ಸೇರುತ್ತದೆ. ವಿಲಿಯಂ ಪಾಲೆ ಎಂಬ ಅಮೆರಿಕನ್ 1933ರಲ್ಲಿ ಸ್ವಲ್ಪ ಕಾಲ ಸಿಎನ್‌ಎಸಿಯ ಅಧ್ಯಕ್ಷನಾಗಿದ್ದ. ಆಮೇಲೆ ಚೀನಾದಲ್ಲೇ ವಿಮಾನ ಜೋಡಿಸುವ ಕಾರ್ಖಾನೆ ನಡೆಸಿದ. ಹಾಂಗ್‌ಜೋನಲ್ಲಿ ಶುರುವಾದ ಆ ಕಾರ್ಖಾನೆ ಯುದ್ಧದಿಂದ ಓಡಿ ಹ್ಯಾಂಕೌಗೆ, ಅಲ್ಲಿಂದ ಬರ್ಮಾ ಗಡಿಯ ಲೋಯ್‌ವಿಂಗ್‌ಗೆ ಹೋಯಿತು. 1940ರ ಅಕ್ಟೋಬರ್‌ನಲ್ಲಿ ಅಲ್ಲೂ ಬಾಂಬ್ ಬಿತ್ತು.

ಇದೇ ಪಾಲೆಯನ್ನು ಉದ್ಯಮಿ ವಾಲ್‌ಚಂದ್ ಹಿರಾಚಂದ್ 1939ರಲ್ಲಿ ಪೆಸಿಫಿಕ್ ದಾಟುವ ವಿಮಾನ ಪ್ರಯಾಣದಲ್ಲಿ ಭೇಟಿಯಾಗಿದ್ದರು. ಭಾರತದಲ್ಲೂ ಯಾಕೆ ಇಂಥ ಕಾರ್ಖಾನೆ ಮಾಡಬಾರದು ಎಂಬ ಮಾತು ಅಲ್ಲಿ ಹುಟ್ಟಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಜಾಗ ಕೊಟ್ಟು ಬಂಡವಾಳದಲ್ಲೂ ಪಾಲು ಹಾಕಿತು. 1940ರ ಡಿಸೆಂಬರ್‌ನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಇಂದಿನ ಎಚ್‌ಎಎಲ್. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1943ರಿಂದ ಅಮೆರಿಕದ ವಾಯುಸೇನೆ ಆ ಕಾರ್ಖಾನೆಯನ್ನು ರಿಪೇರಿ ಡಿಪೋ ಮಾಡಿಕೊಂಡಿತು. ಭಾರತ, ಬರ್ಮಾ, ಚೀನಾ ರಂಗದಲ್ಲಿ ಹಾರುತ್ತಿದ್ದ ಸಿ-47 ಸಾಗಣೆ ವಿಮಾನಗಳೂ, ಬಾಂಬರ್‌ಗಳೂ ರಿಪೇರಿಗೆ ಇಲ್ಲಿಗೆ ಬಂದವು. ಸುಯಿಫುವಿನಲ್ಲಿ ಚೀನಿ ಮೆಕ್ಯಾನಿಕ್‌ಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಮ್ಮ ಕಡೆಯ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ಕಲಿತರು.

ಕೊನೆಗೆ

ಯುದ್ಧ ಮುಗಿದ ಮೇಲೆ ಚೀನಾದಲ್ಲಿ ಅಂತರ್ಯುದ್ಧ. 1949ರ ನವೆಂಬರ್ 9ರಂದು ಹಾಂಗ್‌ಕಾಂಗ್‌ನಲ್ಲಿದ್ದ ಸಿಎನ್‌ಎಸಿ ಮತ್ತು ಇನ್ನೊಂದು ಕಂಪನಿಯ 12 ವಿಮಾನಗಳು ಹೊಸ ಕಮ್ಯುನಿಸ್ಟ್ ಸರ್ಕಾರದ ಕಡೆಗೆ ಹಾರಿಹೋದವು. ಉಳಿದ 71 ವಿಮಾನಗಳು ಯಾರಿಗೆ ಸೇರಬೇಕು ಅಂತ ಲಂಡನ್‌ನ ಪ್ರಿವಿ ಕೌನ್ಸಿಲ್ ತನಕ ವ್ಯಾಜ್ಯ ನಡೆಯಿತು. ಇಪ್ಪತ್ತು ವರ್ಷದ ಕಂಪನಿ ಹಾಗೆ ಎರಡು ಹೋಳಾಗಿ ಮುಗಿಯಿತು.

ಪೈಲಟ್‌ಗಳ ಹೆಸರು ಪುಸ್ತಕಗಳಲ್ಲಿ ಉಳಿದಿದೆ, ನಾನೂ ಇಲ್ಲಿ ಬರೆದೆ. ಆದರೆ ಈ ದಾರಿಯನ್ನು ತೆರೆದಿಟ್ಟವರು ಅವರಷ್ಟೇ ಅಲ್ಲ. ಯುದ್ಧಕಾಲದ ಚೀನಾದ ಫೋಟೋಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣುತ್ತದೆ. ಆಳಿಗಿಂತ ಎತ್ತರದ ಕಲ್ಲಿನ ರೋಲರ್. ಅದಕ್ಕೆ ಹಗ್ಗ ಕಟ್ಟಿ ಎಳೆಯುತ್ತಿರುವ ನೂರಾರು ಜನ. ಗಂಡಸರು, ಹೆಂಗಸರು, ಅಕ್ಕಪಕ್ಕದ ಹಳ್ಳಿಗಳ ರೈತರು. ಕಲ್ಲು ಒಡೆದು, ಬುಟ್ಟಿಯಲ್ಲಿ ಹೊತ್ತು, ಹಾಸಿ, ರೋಲರ್ ಎಳೆದು ಅವರು ರನ್‌ವೇ ಮಾಡಿದರು. ಬಾಂಬ್ ಬಿದ್ದ ಗುಂಡಿಯನ್ನು ಮರುದಿನವೇ ಮುಚ್ಚಿದರು.

ಅವರಲ್ಲಿ ಹೆಚ್ಚಿನವರು ಜೀವನದಲ್ಲಿ ಒಮ್ಮೆಯೂ ವಿಮಾನ ಹತ್ತಿರಲಿಕ್ಕಿಲ್ಲ. ಮುಂದಿನ ಸಲ ವಿಮಾನ ತಲೆಯ ಮೇಲೆ ಹೋದಾಗ ಆ ರೋಲರ್ ಎಳೆದವರನ್ನೂ ಒಮ್ಮೆ ನೆನೆಸಿಕೊಳ್ಳಿ.